ಮತದ ತೂಕ, ಗಡಿಯ ಗೆರೆ: ಕರ್ನಾಟಕ ಮತ್ತು ಕ್ಷೇತ್ರ ಪುನರ್ವಿಂಗಡಣೆ



ಈ ಕಾಲೇಜಿನ ದತ್ತಿ ಉಪನ್ಯಾಸಕ್ಕೆ ನನ್ನನ್ನು ಆಹ್ವಾನಿಸಿ, ವಿಷಯದ ಆಯ್ಕೆಯನ್ನೂ ನನಗೇ ಬಿಟ್ಟುಕೊಟ್ಟಿದ್ದೀರಿ. ನಾನು ಆರಿಸಿಕೊಂಡಿರುವುದು ಕ್ಷೇತ್ರ ಪುನರ್ವಿಂಗಡಣೆ. ಚುನಾವಣೆ ಬಂದಾಗ ಅಭ್ಯರ್ಥಿ ಯಾರು, ಯಾವ ಜಾತಿಯ ಮತ ಎಷ್ಟು, ಹಣ ಎಷ್ಟು ಹರಿಯಿತು ಎಂದೆಲ್ಲ ಮಾತಾಡುತ್ತೇವೆ. ಇಷ್ಟೆಲ್ಲ ನಡೆಯುವ ಆ ಕ್ಷೇತ್ರದ ಗಡಿಯನ್ನು ಯಾರು, ಯಾವಾಗ, ಯಾವ ಲೆಕ್ಕದ ಮೇಲೆ ಹಾಕಿದರು ಎಂದು ಕೇಳುವವರು ಕಡಿಮೆ. ಮತದಾನಕ್ಕೆ ಎಷ್ಟೋ ವರ್ಷ ಮೊದಲೇ ನಮ್ಮ ಮತದ ತೂಕವನ್ನು ಆ ಗೆರೆ ನಿರ್ಧರಿಸಿರುತ್ತದೆ. ಆದ್ದರಿಂದಲೇ ಈ ವಿಷಯ ರಾಜ್ಯಶಾಸ್ತ್ರದ ತರಗತಿಯ ಗೋಡೆಯೊಳಗೆ ಉಳಿಯಬಾರದು ಎಂದು ನಾನು ಬಲವಾಗಿ ನಂಬಿದ್ದೇನೆ.

1. ಒಂದು ಮತದಿಂದ ಗೆದ್ದ ಕ್ಷೇತ್ರ

2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದ ಫಲಿತಾಂಶ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಮತದ ಅಂತರ. ಪ್ರತಿಯೊಂದು ಮತಕ್ಕೂ ಬೆಲೆಯಿದೆ ಎಂದು ಹೇಳುವಾಗಲೆಲ್ಲ ನಾಡಿನ ಉದ್ದಗಲಕ್ಕೂ ಈ ಕ್ಷೇತ್ರದ ಹೆಸರು ಬರುತ್ತದೆ. ಆದರೆ 2008ರ ಚುನಾವಣೆಯ ಹೊತ್ತಿಗೆ ಸಂತೇಮರಹಳ್ಳಿ ಎಂಬ ಕ್ಷೇತ್ರವೇ ಇರಲಿಲ್ಲ. ಊರು ಇದ್ದಲ್ಲೇ ಇತ್ತು, ಮತದಾರರೂ ಅವರೇ; ಅವರನ್ನು ಒಂದು ಗುಂಪಾಗಿ ಹಿಡಿದಿದ್ದ ಗೆರೆ ಅಳಿಸಿಹೋಗಿತ್ತು.

ಪುನರ್ವಿಂಗಡಣೆಯ ಅದೇ ಸುತ್ತಿನಲ್ಲಿ ಮಂಡ್ಯದ ಕಿರುಗಾವಲು, ಕೆರಗೋಡು, ಕನಕಪುರ ಸೀಮೆಯ ಸಾತನೂರು, ಚಿಕ್ಕಮಗಳೂರಿನ ಬೀರೂರು, ಉಡುಪಿಯ ಬ್ರಹ್ಮಾವರ, ದಕ್ಷಿಣ ಕನ್ನಡದ ವಿಟ್ಲ, ಕೊಡಗಿನ ಸೋಮವಾರಪೇಟೆ ಕ್ಷೇತ್ರಗಳೂ ಇಲ್ಲವಾದವು. ಕುಡಚಿ, ತೇರದಾಳ, ಮಸ್ಕಿ, ದಾಸರಹಳ್ಳಿ, ಮಹಾಲಕ್ಷ್ಮಿ ಲೇಔಟ್ ಹೊಸದಾಗಿ ಹುಟ್ಟಿದವು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳಿಸಿದ ಚಿಕ್ಕಮಗಳೂರು ಕ್ಷೇತ್ರ ಉಡುಪಿಯೊಂದಿಗೆ ಕೂಡಿಕೊಂಡಿತು. ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ಬೆಂಗಳೂರು ಗ್ರಾಮಾಂತರ ಬಂತು. ಮಂಗಳೂರು ಲೋಕಸಭಾ ಕ್ಷೇತ್ರದ ಜೊತೆಗಿದ್ದ ಕೊಡಗು ಮೈಸೂರಿನ ಜೊತೆ ಸೇರಿತು. ಘಟ್ಟ ಇಳಿದು ಸಂಸದರನ್ನು ಕಾಣಬೇಕಿದ್ದವರು ಬಯಲಿನ ಕಡೆ ಮುಖ ಮಾಡಬೇಕಾಯಿತು.

ಇಷ್ಟು ದೊಡ್ಡ ಬದಲಾವಣೆಯ ಹಿಂದೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ದೇಶದ ಲೋಕಸಭೆಯಲ್ಲಿ ಒಂದು ರಾಜ್ಯಕ್ಕೆ ಎಷ್ಟು ಸ್ಥಾನ ಎಂಬುದು ಮೊದಲನೆಯದು. ಸಿಕ್ಕ ಸ್ಥಾನಗಳನ್ನು ರಾಜ್ಯದೊಳಗೆ ಎಲ್ಲಿಂದ ಎಲ್ಲಿಗೆ ಗೆರೆ ಎಳೆದು ವಿಂಗಡಿಸಬೇಕು ಎಂಬುದು ಎರಡನೆಯದು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗ ಹಿಸ್ಸೆ ಎಷ್ಟು ಎಂಬುದು ಒಂದು ಮಾತು, ತನ್ನ ಪಾಲಿನ ಹೊಲದೊಳಗೆ ಬದು ಎಲ್ಲಿ ಹಾಕಬೇಕು ಎಂಬುದು ಇನ್ನೊಂದು ಮಾತು. ಹಿಸ್ಸೆಯ ಜಗಳ ಮುಗಿಯಲಿಲ್ಲವೆಂದು ಬದುವನ್ನು ಸರಿಪಡಿಸದೆ ಬಿಟ್ಟರೆ ಹೊಲ ಹಾಳಾಗುತ್ತದೆ. ಸಂವಿಧಾನದ 81ನೇ ವಿಧಿಯ ಎರಡನೇ ಖಂಡ ಇವೆರಡನ್ನೂ ಬೇರೆ ಬೇರೆ ಉಪಖಂಡಗಳಲ್ಲೇ ಹೇಳಿದೆ: ರಾಜ್ಯ ರಾಜ್ಯಗಳ ನಡುವೆ ಜನಸಂಖ್ಯೆಗೂ ಸ್ಥಾನಗಳಿಗೂ ಸಾಧ್ಯವಾದಷ್ಟು ಒಂದೇ ಪ್ರಮಾಣವಿರಬೇಕು, ರಾಜ್ಯದೊಳಗಿನ ಕ್ಷೇತ್ರ ಕ್ಷೇತ್ರಗಳ ನಡುವೆಯೂ ಹಾಗೆಯೇ ಇರಬೇಕು. ನಾವು ಮಾತ್ರ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೇವೆ. ಆ ಗಂಟನ್ನು ಬಿಚ್ಚಬೇಕು ಎಂಬುದೇ ಈ ಉಪನ್ಯಾಸದ ತಿರುಳು.

2. ಗೆರೆ ಎಳೆಯುವ ಅಧಿಕಾರ ಯಾರದು?

1951–52ರ ಮೊದಲ ಮಹಾಚುನಾವಣೆಯ ಕ್ಷೇತ್ರಗಳು ರಾಷ್ಟ್ರಪತಿಗಳ ಆದೇಶಗಳಿಂದ ರೂಪುಗೊಂಡವು. ಚುನಾವಣಾ ಆಯೋಗ ಸಂಸದರ ಸಲಹಾ ಸಮಿತಿಗಳೊಂದಿಗೆ ಸಮಾಲೋಚಿಸಿ ಪ್ರಸ್ತಾವ ಕೊಡುತ್ತಿತ್ತು. ಆದೇಶವನ್ನು ಸಂಸತ್ತಿನ ಮುಂದಿಟ್ಟಾಗ ಅದನ್ನು ತಿದ್ದುವ ಅಧಿಕಾರ ಸದಸ್ಯರಿಗಿತ್ತು. ಅಂದರೆ ಮುಂದೆ ಸ್ಪರ್ಧಿಸಬೇಕಾದವರೇ ತಮ್ಮ ಕ್ಷೇತ್ರದ ಗಡಿಯನ್ನು ತಿದ್ದಬಹುದಿತ್ತು. ಅದು ಎಷ್ಟು ಅಪಾಯಕಾರಿ ಎಂಬುದು ಬೇಗ ಮನವರಿಕೆಯಾಯಿತು. 1952ರಲ್ಲಿ ಕ್ಷೇತ್ರ ಪುನರ್ವಿಂಗಡಣಾ ಆಯೋಗದ ಕಾಯ್ದೆ ಬಂತು. ಇಬ್ಬರು ಹಾಲಿ ಅಥವಾ ನಿವೃತ್ತ ನ್ಯಾಯಾಧೀಶರು ಮತ್ತು ಮುಖ್ಯ ಚುನಾವಣಾ ಆಯುಕ್ತರು ಸೇರಿದ ಆಯೋಗಕ್ಕೆ ಈ ಕೆಲಸ ಹೋಯಿತು. ಅದರ ಮೊದಲ ಅಧ್ಯಕ್ಷರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎನ್. ಚಂದ್ರಶೇಖರ ಅಯ್ಯರ್. 1963 ಮತ್ತು 1973ರ ಆಯೋಗಗಳನ್ನು ನ್ಯಾಯಮೂರ್ತಿ ಜೆ.ಎಲ್. ಕಪೂರ್ ನಡೆಸಿದರು. 2002ರ ಆಯೋಗದ ಅಧ್ಯಕ್ಷರು ನ್ಯಾಯಮೂರ್ತಿ ಕುಲದೀಪ್ ಸಿಂಗ್.

ಈಗಿನ ನಕ್ಷೆಗೆ ಆಧಾರವಾದ 2002ರ ಕಾಯ್ದೆ ಪ್ರತಿ ರಾಜ್ಯದಿಂದ ಐವರು ಸಂಸದರನ್ನೂ ಐವರು ಶಾಸಕರನ್ನೂ ಸಹ ಸದಸ್ಯರನ್ನಾಗಿ ತೆಗೆದುಕೊಳ್ಳುತ್ತದೆ. ಅವರು ಸಲಹೆ ಕೊಡಬಹುದು, ಭಿನ್ನಾಭಿಪ್ರಾಯ ದಾಖಲಿಸಬಹುದು, ಅದನ್ನು ಕರಡಿನ ಜೊತೆ ಪ್ರಕಟಿಸಿ ಎಂದು ಕೇಳಬಹುದು. ಮತ ಹಾಕುವಂತಿಲ್ಲ, ನಿರ್ಣಯಕ್ಕೆ ಸಹಿ ಹಾಕುವಂತಿಲ್ಲ. ಕರಡು ಗೆಜೆಟ್‌ನಲ್ಲಿ ಪ್ರಕಟವಾಗಬೇಕು, ಜನರಿಂದ ಆಕ್ಷೇಪಣೆ ಕೇಳಬೇಕು, ಬಹಿರಂಗ ಸಭೆ ನಡೆಸಬೇಕು. ಅಂತಿಮ ಆದೇಶ ಪ್ರಕಟವಾದ ಮೇಲೆ ಅದಕ್ಕೆ ಕಾನೂನಿನ ಬಲ ಬರುತ್ತದೆ. ಲೋಕಸಭೆ ಮತ್ತು ವಿಧಾನಸಭೆಗಳ ಮುಂದೆ ಇಡುತ್ತಾರೆ, ಆದರೆ ಒಂದು ಹಳ್ಳಿಯನ್ನೂ ಅತ್ತಿತ್ತ ಸರಿಸುವ ಅಧಿಕಾರ ಅವುಗಳಿಗೆ ಇಲ್ಲ.

ನ್ಯಾಯಾಲಯಗಳೂ ಬಹುಕಾಲ ಬಾಗಿಲ ಹೊರಗೇ ನಿಂತವು. ಉಜ್ಜಯಿನಿಯ ಒಂದು ಕ್ಷೇತ್ರವನ್ನು ಪರಿಶಿಷ್ಟ ಜಾತಿಗೆ ಮೀಸಲಿಟ್ಟದ್ದನ್ನು ಪ್ರಶ್ನಿಸಿದ ಮೇಘರಾಜ್ ಕೊಠಾರಿ ಪ್ರಕರಣದಲ್ಲಿ, ಆಯೋಗದ ಆದೇಶ ಒಮ್ಮೆ ಪ್ರಕಟವಾದರೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲಾಗದು ಎಂದು ಸುಪ್ರೀಂ ಕೋರ್ಟ್ 1966ರಲ್ಲಿ ತೀರ್ಪು ಕೊಟ್ಟಿತು. ಇಲ್ಲದಿದ್ದರೆ ವ್ಯಾಜ್ಯಗಳ ನಡುವೆ ಚುನಾವಣೆಯೇ ನಿಂತುಹೋದೀತು ಎಂಬ ಭಯಕ್ಕೆ ಅರ್ಥವಿದೆ. ಆದರೆ ಪ್ರಶ್ನಿಸಲಾಗದ ಅಧಿಕಾರವೂ ಪ್ರಜಾಪ್ರಭುತ್ವಕ್ಕೆ ಒಳ್ಳೆಯದಲ್ಲ. 2024ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಅದೇ ಕೋರ್ಟ್ ಬಾಗಿಲನ್ನು ಸ್ವಲ್ಪ ತೆರೆಯಿತು: ಆದೇಶ ಕಣ್ಣಿಗೆ ಕಾಣುವಷ್ಟು ಸ್ವೇಚ್ಛಾಚಾರದ್ದಾಗಿ, ಸಂವಿಧಾನದ ಮೌಲ್ಯಗಳಿಗೆ ಹೊಂದದಂತಿದ್ದರೆ ಪರಿಶೀಲಿಸಬಹುದು ಎಂದಿತು. ಈ ಸಮತೋಲ ಸರಿಯಾದದ್ದು.

ಶಾಸಕರ ಕೈಗೇ ಗೆರೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಅಮೆರಿಕ ತೋರಿಸಿದೆ. 1812ರಲ್ಲಿ ಮಸಾಚುಸೆಟ್ಸ್‌ನ ರಾಜ್ಯಪಾಲ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಬಾಲ ಚಾಚಿದ ಪ್ರಾಣಿಯ ಆಕಾರದಲ್ಲಿತ್ತು. ಎದುರಾಳಿಯ ಬೆಂಬಲಿಗರನ್ನು ಒಂದೇ ಕ್ಷೇತ್ರಕ್ಕೆ ತುರುಕಿ ಅವರ ಮತ ಪೋಲಾಗುವಂತೆ ಮಾಡುವುದು, ಇಲ್ಲವೇ ಹಲವು ಕ್ಷೇತ್ರಗಳಿಗೆ ಚದುರಿಸಿ ಎಲ್ಲಿಯೂ ಗೆಲ್ಲದಂತೆ ಮಾಡುವುದು ಅಲ್ಲಿ ಈಗಲೂ ನಡೆದಿದೆ. 2019ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್, ಪಕ್ಷಲಾಭಕ್ಕಾಗಿ ಎಳೆದ ಗೆರೆಗಳ ವಿವಾದ ಒಕ್ಕೂಟದ ಕೋರ್ಟುಗಳ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೈಚೆಲ್ಲಿತು. 1952ರಲ್ಲಿ ನಮ್ಮ ಹಿರಿಯರು ತೆಗೆದುಕೊಂಡ ನಿರ್ಧಾರದ ಬೆಲೆ ಇದರಿಂದ ತಿಳಿಯುತ್ತದೆ.

3. 99ರಿಂದ 224ರವರೆಗೆ

ಈಗ ನಮ್ಮ ನಾಡಿಗೆ ಬರೋಣ. 1952ರಲ್ಲಿ ಹಳೆಯ ಮೈಸೂರು ರಾಜ್ಯದ ವಿಧಾನಸಭೆಯಲ್ಲಿ 99 ಸ್ಥಾನಗಳಿದ್ದವು, ಲೋಕಸಭೆಗೆ 11. ಆಗ ಕೆಲವು ಕ್ಷೇತ್ರಗಳಿಂದ ಇಬ್ಬರು ಆಯ್ಕೆಯಾಗುತ್ತಿದ್ದರು: ಒಂದು ಸಾಮಾನ್ಯ ಸ್ಥಾನ, ಒಂದು ಮೀಸಲು. ದೇಶದ ಮೊದಲ ಲೋಕಸಭೆಯ 489 ಸ್ಥಾನಗಳು 401 ಕ್ಷೇತ್ರಗಳಲ್ಲಿ ಹಂಚಿಹೋಗಿದ್ದು ಹೀಗೆ. ಅದರಲ್ಲಿ 86 ದ್ವಿಸದಸ್ಯ ಕ್ಷೇತ್ರ, ಒಂದು ತ್ರಿಸದಸ್ಯ ಕ್ಷೇತ್ರ. ಈ ಪದ್ಧತಿಯಲ್ಲಿ ಕ್ಷೇತ್ರ ವಿಪರೀತ ದೊಡ್ಡದಾಗುತ್ತಿತ್ತು. 1961ರ ಕಾಯ್ದೆ ದ್ವಿಸದಸ್ಯ ಕ್ಷೇತ್ರಗಳನ್ನು ರದ್ದು ಮಾಡಿತು. ಅಂದಿನಿಂದ ಮೀಸಲು ಎಂದರೆ ಇಡೀ ಕ್ಷೇತ್ರವೇ ಮೀಸಲು.

1956ರ ನವೆಂಬರ್ 1ರಂದು ಹಳೆಯ ಮೈಸೂರು, ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳು, ಹೈದರಾಬಾದಿನ ಕನ್ನಡ ಜಿಲ್ಲೆಗಳು, ಮದರಾಸಿನಲ್ಲಿದ್ದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಒಂದಾದವು. ಬೇರೆ ಬೇರೆ ಸದನಗಳಿಗೆ ಪ್ರತಿನಿಧಿಗಳನ್ನು ಕಳಿಸುತ್ತಿದ್ದ ಕನ್ನಡಿಗರು ಒಂದೇ ಸದನಕ್ಕೆ ಬಂದರು. 1957ರಲ್ಲಿ ವಿಧಾನಸಭೆಯ ಬಲ 208, ಲೋಕಸಭೆಗೆ 26. 1967ರಲ್ಲಿ 216 ಮತ್ತು 27. ಕೊನೆಗೆ 1973ರ ಆಯೋಗ 1971ರ ಜನಗಣತಿಯ ಮೇಲೆ ಲೆಕ್ಕ ಹಾಕಿ 224 ಮತ್ತು 28 ಕೊಟ್ಟಿತು. 1977ರ ಲೋಕಸಭಾ ಚುನಾವಣೆ ಮತ್ತು 1978ರ ವಿಧಾನಸಭಾ ಚುನಾವಣೆಯಿಂದ ಆ ಸಂಖ್ಯೆಗಳೇ ನಿಂತಿವೆ. 1971ರಲ್ಲಿ ರಾಜ್ಯದ ಜನಸಂಖ್ಯೆ 2.93 ಕೋಟಿ, ಒಂದು ವಿಧಾನಸಭಾ ಕ್ಷೇತ್ರಕ್ಕೆ ಸರಾಸರಿ 1.31 ಲಕ್ಷ ಜನ. 2011ರಲ್ಲಿ ಜನಸಂಖ್ಯೆ 6.11 ಕೋಟಿ, ಸರಾಸರಿ 2.73 ಲಕ್ಷ. ಶಾಸಕರ ಸಂಖ್ಯೆ ಬದಲಾಗಲಿಲ್ಲ. ಒಬ್ಬೊಬ್ಬ ಶಾಸಕರ ಹೆಗಲ ಮೇಲಿನ ಜನರ ಸಂಖ್ಯೆ ಇಮ್ಮಡಿಯಾಯಿತು.

ಈ ಏರಿಳಿತವನ್ನು ಎಲ್ಲರಿಗಿಂತ ತೀವ್ರವಾಗಿ ಕಂಡದ್ದು ಕೊಡಗು. 1952ರಲ್ಲಿ ಕೊಡಗು ರಾಜ್ಯಕ್ಕೆ ತನ್ನದೇ 24 ಸದಸ್ಯರ ವಿಧಾನಸಭೆಯಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಗಳಾಗಿದ್ದರು. ವಿಲೀನದ ನಂತರದ ಪುನರ್ವಿಂಗಡಣೆಗಳಲ್ಲಿ ಅದು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರು ಕ್ಷೇತ್ರಗಳಿಗೆ ಬಂತು. 2008ರಲ್ಲಿ ಮಡಿಕೇರಿ, ವಿರಾಜಪೇಟೆ ಎಂಬ ಎರಡಕ್ಕೆ ಇಳಿಯಿತು. ಮಳೆಗಾಲದಲ್ಲಿ ರಸ್ತೆ ಕುಸಿಯುವ, ಊರುಗಳು ತೋಟ ಕಾಡುಗಳ ನಡುವೆ ಹರಡಿಕೊಂಡಿರುವ ಜಿಲ್ಲೆಯವರು ಇದನ್ನು ನಷ್ಟವೆಂದು ಭಾವಿಸಿದರೆ ನಾವು ಆಶ್ಚರ್ಯಪಡಬಾರದು.

4. ಗೆರೆಯ ಹಿಂದಿನ ಲೆಕ್ಕ

ಆ ಎರಡು ಎಂಬ ಸಂಖ್ಯೆ ಹೇಗೆ ಬಂತು? 2001ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ 5.28 ಕೋಟಿ. ಅದನ್ನು 224ರಿಂದ ಭಾಗಿಸಿದರೆ ಕ್ಷೇತ್ರವೊಂದಕ್ಕೆ ಸರಾಸರಿ ಸುಮಾರು 2.36 ಲಕ್ಷ. ಕೊಡಗಿನ ಜನಸಂಖ್ಯೆ 5.48 ಲಕ್ಷ, ಸರಾಸರಿಯಿಂದ ಭಾಗಿಸಿದರೆ 2.3, ಪೂರ್ಣಾಂಕಕ್ಕೆ ಇಳಿಸಿದರೆ 2. ಚಿಕ್ಕಮಗಳೂರಿನ 11.4 ಲಕ್ಷಕ್ಕೆ 4.8, ಅಂದರೆ 5. ಮೊದಲು ಅಲ್ಲಿ ಆರಿದ್ದವು. ದಕ್ಷಿಣ ಕನ್ನಡಕ್ಕೆ ಒಂಬತ್ತರ ಬದಲು 8, ಉಡುಪಿಗೆ ಆರರ ಬದಲು 5, ಮಂಡ್ಯಕ್ಕೆ ಒಂಬತ್ತರ ಬದಲು 7. ಬೆಂಗಳೂರು ನಗರ ಜಿಲ್ಲೆಯ 65.37 ಲಕ್ಷಕ್ಕೆ ಮಾತ್ರ 16ರ ಬದಲು 28. ಒಟ್ಟು ಸಂಖ್ಯೆ ಬದಲಾಗದಿದ್ದಾಗ ಒಂದು ಕಡೆ ಏರಿದ್ದು ಇನ್ನೊಂದು ಕಡೆ ಇಳಿಯಲೇಬೇಕು. ಬೆಂಗಳೂರಿಗೆ ಬಂದ 12 ಸ್ಥಾನಗಳು ಮಲೆನಾಡು, ಕರಾವಳಿ ಮತ್ತು ಕಾವೇರಿ ಬಯಲಿನಿಂದಲೂ ಬಂದವು.

ಜಿಲ್ಲೆಗೆ ಎಷ್ಟು ಎಂದು ತೀರ್ಮಾನವಾದ ಮೇಲೆ ಗಡಿಯ ಕೆಲಸ. ಕ್ಷೇತ್ರದ ಜನಸಂಖ್ಯೆ ಸರಾಸರಿಯಿಂದ ಸಾಮಾನ್ಯವಾಗಿ ಶೇ. 10ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ಕ್ಷೇತ್ರ ಒತ್ತೊತ್ತಾಗಿ ಕೂಡಿಕೊಂಡಿರಬೇಕು. ನದಿ, ಬೆಟ್ಟ, ಆಡಳಿತದ ಗಡಿ, ಹೋಗಿಬರುವ ಅನುಕೂಲ, ಜನರ ಸೌಕರ್ಯ ನೋಡಬೇಕು. ಒಂದು ವಿಧಾನಸಭಾ ಕ್ಷೇತ್ರ ಪೂರ್ತಿಯಾಗಿ ಒಂದೇ ಲೋಕಸಭಾ ಕ್ಷೇತ್ರದೊಳಗೆ ಬರಬೇಕು. ತಾಲ್ಲೂಕು ಇಡಿಯಾಗಿ ಹೊಂದಿದರೆ ಸರಿ. ಹೊಂದದಿದ್ದರೆ ಹೋಬಳಿ, ಅದೂ ಹೊಂದದಿದ್ದರೆ ಅದಕ್ಕಿಂತ ಸಣ್ಣ ಕಂದಾಯ ವೃತ್ತಗಳ ಮಟ್ಟಕ್ಕೆ ಇಳಿಯಬೇಕು. ಪಟ್ಟಣಗಳಲ್ಲಿ ವಾರ್ಡೇ ಘಟಕ. ಹೀಗೆ ರೂಪುಗೊಂಡ ಕ್ಷೇತ್ರಗಳಿಗೆ ವಾಯವ್ಯದಿಂದ ಆರಂಭಿಸಿ ಅಂಕುಡೊಂಕಾಗಿ ದಕ್ಷಿಣಕ್ಕೆ ಸಾಗುತ್ತಾ ಸಂಖ್ಯೆ ಕೊಡುತ್ತಾರೆ. ಮಹಾರಾಷ್ಟ್ರದ ಅಂಚಿನ ನಿಪ್ಪಾಣಿ 1, ಕೇರಳ ಮತ್ತು ತಮಿಳುನಾಡಿನ ಅಂಚಿನ ಗುಂಡ್ಲುಪೇಟೆ 224 ಆದದ್ದು ಹೀಗೆ.

ಮೀಸಲಾತಿಯ ಲೆಕ್ಕ ಇನ್ನೂ ಮಹತ್ವದ್ದು. 2001ರಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರ ಪ್ರಮಾಣ ಶೇ. 16.2. 224ರಲ್ಲಿ ಅದರ ಪಾಲು 36. ಪರಿಶಿಷ್ಟ ಪಂಗಡದವರು ಶೇ. 6.55, ಅವರ ಪಾಲು 15. ಅದಕ್ಕೆ ಮೊದಲು ಪರಿಶಿಷ್ಟ ಜಾತಿಗೆ 33, ಪಂಗಡಕ್ಕೆ ಕೇವಲ 2 ಸ್ಥಾನಗಳಿದ್ದವು. ಎರಡು ಹದಿನೈದಾದದ್ದು ಹೇಗೆ? ನಾಯಕ, ವಾಲ್ಮೀಕಿ, ಬೇಡ ಮುಂತಾದ ಹೆಸರಿನ ಸಮುದಾಯಗಳು 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದವು. ಆದರೆ ಸ್ಥಾನಗಳ ಲೆಕ್ಕ ಆಮೇಲೂ 1971ರದ್ದೇ ಆಗಿತ್ತು. ಪಟ್ಟಿಗೆ ಸೇರಿಯೂ ಸದನದಲ್ಲಿ ತಮ್ಮ ಪಾಲು ಸಿಗಲು ಆ ಜನ 2008ರವರೆಗೆ ಕಾಯಬೇಕಾಯಿತು. ಪುನರ್ವಿಂಗಡಣೆ ತಡವಾದರೆ ಅದಕ್ಕೆ ಬೆಲೆ ತೆರುವವರು ಯಾರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನಮ್ಮ ರಾಜ್ಯದಲ್ಲಿ ನನಗೆ ಕಾಣುವುದಿಲ್ಲ.

ಮೀಸಲು ಯಾವ ಕ್ಷೇತ್ರಕ್ಕೆ ಎಂಬುದೂ ಜನರ ಬದುಕನ್ನೂ ನಾಯಕರ ದಾರಿಯನ್ನೂ ಬದಲಿಸುತ್ತದೆ. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ಸತತ ಎಂಟು ಬಾರಿ ಗೆದ್ದ ಗುರುಮಿಠಕಲ್ 2008ರಲ್ಲಿ ಸಾಮಾನ್ಯ ಕ್ಷೇತ್ರವಾಯಿತು, ಚಿತ್ತಾಪುರ ಮೀಸಲಾಯಿತು. ಅವರು ಚಿತ್ತಾಪುರಕ್ಕೆ ಹೋದರು. ಬೀದರ್ ಲೋಕಸಭಾ ಕ್ಷೇತ್ರದ ಮೀಸಲು ಹೋಗಿ ಕಲಬುರಗಿಗೆ ಬಂತು. ಬಳ್ಳಾರಿ ಮತ್ತು ರಾಯಚೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಪರಿಶಿಷ್ಟ ಪಂಗಡದ ಮೀಸಲನ್ನು ಅವರ ಪ್ರಮಾಣ ಅತಿ ಹೆಚ್ಚಿರುವ ಕಡೆ ಇಡಬೇಕು. ಪರಿಶಿಷ್ಟ ಜಾತಿಯ ಮೀಸಲನ್ನು ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಿ, ಅಲ್ಲಲ್ಲಿ ಅವರ ಪ್ರಮಾಣ ಹೆಚ್ಚಿರುವ ಕ್ಷೇತ್ರದಲ್ಲಿ ಇಡಬೇಕು. ಈ ನಿಯಮಗಳ ಅನ್ವಯದಲ್ಲೂ ಎಚ್ಚರ ಬೇಕು. ಮುಸ್ಲಿಮರು ಹೆಚ್ಚಿರುವ ಕೆಲವು ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲಾಗಿ ಅವರಿಗೆ ಸ್ಪರ್ಧೆಯ ಅವಕಾಶವೇ ಇಲ್ಲವಾಗಿದೆ ಎಂದು 2006ರ ಸಾಚಾರ್ ಸಮಿತಿ ಬೇರೆ ರಾಜ್ಯಗಳ ಉದಾಹರಣೆ ಕೊಟ್ಟು ಹೇಳಿದೆ. ಒಂದು ಹಿಂದುಳಿದ ಸಮುದಾಯಕ್ಕೆ ನ್ಯಾಯ ಕೊಡುವ ಗೆರೆ ಇನ್ನೊಂದಕ್ಕೆ ಬೇಲಿಯಾಗದಂತೆ ನೋಡುವುದು ಆಯೋಗದ ಹೊಣೆ.

5. ನಿಂತುಹೋದ ನಕ್ಷೆ

1976ರ ಏಪ್ರಿಲ್‌ನಲ್ಲಿ ಆಗಿನ ಆರೋಗ್ಯ ಸಚಿವ ಕರಣ್ ಸಿಂಗ್ ರಾಷ್ಟ್ರೀಯ ಜನಸಂಖ್ಯಾ ನೀತಿಯನ್ನು ಪ್ರಕಟಿಸಿದರು. ಕುಟುಂಬ ಯೋಜನೆಯಲ್ಲಿ ಮುಂದಿರುವ ರಾಜ್ಯಗಳು ಲೋಕಸಭೆಯಲ್ಲಿ ಸ್ಥಾನ ಕಳೆದುಕೊಳ್ಳಬಾರದು, ಆದ್ದರಿಂದ 1971ರ ಲೆಕ್ಕವೇ ಶತಮಾನದ ಅಂತ್ಯದವರೆಗೆ ಇರಲಿ ಎಂಬುದು ಅದರ ಒಂದು ಅಂಶ. ಅದೇ ವರ್ಷ 42ನೇ ತಿದ್ದುಪಡಿ ಅದನ್ನು ಸಂವಿಧಾನಕ್ಕೆ ಸೇರಿಸಿತು. ರಾಜ್ಯಗಳ ಪಾಲನ್ನು ನಿಲ್ಲಿಸುವುದಕ್ಕೆ ಒಂದು ಕಾರಣವಿತ್ತು. ಆದರೆ ಆ ತಿದ್ದುಪಡಿ ರಾಜ್ಯದೊಳಗಿನ ಗಡಿಗಳನ್ನೂ ಅದರೊಂದಿಗೇ ನಿಲ್ಲಿಸಿಬಿಟ್ಟಿತು. ಅದಕ್ಕೆ ಯಾವ ಕಾರಣವೂ ಇರಲಿಲ್ಲ. ಕರ್ನಾಟಕದ 28 ಸ್ಥಾನ 28 ಆಗಿಯೇ ಉಳಿದರೂ ಅದರೊಳಗಿನ ಗೆರೆಗಳನ್ನು 1981ರ, 1991ರ ಜನಗಣತಿಯ ನಂತರ ಸರಿಪಡಿಸಬಹುದಿತ್ತು.

ಅದರ ಫಲ ನೋಡಿ. 1978ರಿಂದ 2004ರವರೆಗೆ ಏಳು ವಿಧಾನಸಭಾ ಚುನಾವಣೆಗಳು ಒಂದೇ ನಕ್ಷೆಯ ಮೇಲೆ ನಡೆದವು. ಬೆಂಗಳೂರು ನಗರ ಜಿಲ್ಲೆಗೆ 16 ಸ್ಥಾನ. 2001ರ ಹೊತ್ತಿಗೆ ಅಲ್ಲಿ ಒಂದು ಸ್ಥಾನಕ್ಕೆ ಸರಾಸರಿ 4 ಲಕ್ಷಕ್ಕೂ ಮೀರಿದ ಜನ. ರಾಜ್ಯದ ಉಳಿದ ಭಾಗದಲ್ಲಿ ಸುಮಾರು 2.2 ಲಕ್ಷ. ನಗರದ ಹೊರವಲಯವನ್ನು ತುಂಬಿಕೊಂಡಿದ್ದ ಉತ್ತರಹಳ್ಳಿ ಕ್ಷೇತ್ರವಂತೂ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೆನಿಸಿತು. ಕಲಬುರಗಿಯಿಂದ, ಮಂಡ್ಯದಿಂದ ದುಡಿಯಲು ಬಂದು ಆ ಬಡಾವಣೆಗಳಲ್ಲಿ ನೆಲೆಸಿದವರ ಮತಕ್ಕೆ, ಅವರು ಬಿಟ್ಟುಬಂದ ಊರಿನವರ ಮತದ ಅರ್ಧದಷ್ಟೇ ತೂಕ.

2001ರ 84ನೇ ತಿದ್ದುಪಡಿ ಕೊನೆಗೂ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿತು. ರಾಜ್ಯಗಳ ಪಾಲು 2026ರ ನಂತರದ ಮೊದಲ ಜನಗಣತಿಯವರೆಗೆ ಹಾಗೆಯೇ ಇರಲಿ, ಒಳಗಿನ ಗಡಿಗಳನ್ನು ಮಾತ್ರ ಸರಿಪಡಿಸಿ ಎಂದಿತು. 2003ರ 87ನೇ ತಿದ್ದುಪಡಿ ಅದಕ್ಕೆ 2001ರ ಜನಗಣತಿಯನ್ನು ಆಧಾರ ಮಾಡಿತು. 2008ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಆದೇಶ ಹೊರಬಿತ್ತು. ಆ ವರ್ಷದ ಮೇ ತಿಂಗಳಲ್ಲಿ ಹೊಸ ಗಡಿಗಳ ಮೇಲೆ ದೇಶದಲ್ಲೇ ಮೊದಲು ಚುನಾವಣೆಗೆ ಹೋದ ರಾಜ್ಯ ಕರ್ನಾಟಕ. ಎರಡನ್ನೂ ಬೇರ್ಪಡಿಸಬಹುದು ಎಂಬುದಕ್ಕೆ ನಮ್ಮ ನಾಡೇ ಮೊದಲ ಸಾಕ್ಷಿ.

ಆದರೆ ಆ ನಕ್ಷೆಗೂ ಈಗ ವಯಸ್ಸಾಗಿದೆ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ 96.21 ಲಕ್ಷ ಜನ. 224ರ ಲೆಕ್ಕದಲ್ಲಿ ಅದಕ್ಕೆ 35 ಸ್ಥಾನ ಬರಬೇಕು, ಇರುವುದು 28. ಆಡಳಿತದ ಗಡಿಗಳೂ ಸರಿದಿವೆ. ಹರಪನಹಳ್ಳಿಯನ್ನು ನೋಡಿ: ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಲೋಕಸಭೆಗೆ ಮಾತ್ರ ಅದು ಈಗಲೂ ದಾವಣಗೆರೆ ಕ್ಷೇತ್ರ. ಅಲ್ಲಿನ ರೈತ ಜಿಲ್ಲಾಧಿಕಾರಿಯನ್ನು ಕಾಣಲು ಹೊಸಪೇಟೆಗೆ ಹೋಗಬೇಕು, ಸಂಸದರನ್ನು ಕಾಣಲು ದಾವಣಗೆರೆಗೆ. ಜಿಲ್ಲೆ, ತಾಲ್ಲೂಕುಗಳನ್ನು ಸರ್ಕಾರ ಬೇಕೆಂದಾಗ ಒಡೆಯುತ್ತದೆ. ಕ್ಷೇತ್ರದ ಗಡಿ ದಶಕಗಟ್ಟಲೆ ಅಲ್ಲಾಡುವುದಿಲ್ಲ. ಈ ಅಂತರದಲ್ಲಿ ಸಿಕ್ಕಿಕೊಳ್ಳುವವರು ಜನಸಾಮಾನ್ಯರು.

ಸ್ಥಳೀಯ ಸಂಸ್ಥೆಗಳಲ್ಲಿ ಇದಕ್ಕೆ ತದ್ವಿರುದ್ಧವಾದ ರೋಗ ಕಾಣುತ್ತದೆ. ಅಲ್ಲಿ ಗೆರೆಗಳು ನಿಲ್ಲುವುದೇ ಇಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ 198 ವಾರ್ಡುಗಳು 2022ರಲ್ಲಿ 243 ಆದವು, 2023ರಲ್ಲಿ 225 ಆದವು, 2025ರಲ್ಲಿ ಪಾಲಿಕೆಯೇ ಐದಾಯಿತು. ನಕ್ಷೆ ಮತ್ತೆ ಮತ್ತೆ ಬದಲಾಗುತ್ತಿದ್ದ ಆ ಐದು ವರ್ಷ ನಗರಕ್ಕೆ ಚುನಾಯಿತ ಕಾರ್ಪೊರೇಟರ್‌ಗಳೇ ಇರಲಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ಅಲ್ಲಿಯೂ ಇದೇ ಕಥೆ. ಪುನರ್ವಿಂಗಡಣೆ ಬಾಕಿಯಿದೆ ಎಂಬುದು ಸ್ಥಳೀಯ ಚುನಾವಣೆ ಮುಂದೂಡಲು ನೆಪವಾಗಬಾರದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿದೆ. ಆ ಮಾತು ನಮಗೂ ಅನ್ವಯಿಸುತ್ತದೆ.

6. ರಾಜ್ಯಗಳ ಪಾಲು

ಈಗ ಕಠಿಣವಾದ ಪ್ರಶ್ನೆ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿಯ ಅಧಿಸೂಚನೆ 2025ರ ಜೂನ್‌ನಲ್ಲಿ ಬಂತು. ಅದಕ್ಕೂ ಮೊದಲು, 2025ರ ಮಾರ್ಚ್‌ನಲ್ಲಿ, ಚೆನ್ನೈನಲ್ಲಿ ಪುನರ್ವಿಂಗಡಣೆಯ ವಿಚಾರವಾಗಿ ಹಲವು ರಾಜ್ಯಗಳ ನಾಯಕರು ಸೇರಿದ್ದರು. ಕರ್ನಾಟಕದ ಉಪಮುಖ್ಯಮಂತ್ರಿಯೂ ಅಲ್ಲಿದ್ದರು. ಜನಸಂಖ್ಯೆಯನ್ನು ಹತೋಟಿಗೆ ತಂದ ತಪ್ಪಿಗೆ ನಮಗೆ ಶಿಕ್ಷೆಯೇ ಎಂಬುದು ಅವರ ಪ್ರಶ್ನೆ. ಅದರಲ್ಲಿ ನ್ಯಾಯವಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮಹಿಳೆಯೊಬ್ಬರಿಗೆ ಸರಾಸರಿ 1.7 ಮಕ್ಕಳು, ಬಿಹಾರದಲ್ಲಿ 3. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿ, ಆಸ್ಪತ್ರೆಗಳನ್ನು ಕಟ್ಟಿ ಗಳಿಸಿದ ಸಾಧನೆ ಇದು.

ಇನ್ನೊಂದು ಬದಿಯನ್ನೂ ನಾವು ಪ್ರಾಮಾಣಿಕವಾಗಿ ನೋಡಬೇಕು. 2011ರ ಜನಸಂಖ್ಯೆಯ ಮೇಲೆ ಕೇರಳದಲ್ಲಿ ಒಬ್ಬ ಸಂಸದರಿಗೆ ಸುಮಾರು 16.7 ಲಕ್ಷ ಜನ, ತಮಿಳುನಾಡಿನಲ್ಲಿ 18.5 ಲಕ್ಷ, ಕರ್ನಾಟಕದಲ್ಲಿ 21.8 ಲಕ್ಷ, ಉತ್ತರ ಪ್ರದೇಶದಲ್ಲಿ 25 ಲಕ್ಷ, ರಾಜಸ್ಥಾನದಲ್ಲಿ 27.4 ಲಕ್ಷ. ರಾಜಸ್ಥಾನದ ಬಾರ್ಮೇರಿನ ಹೆಣ್ಣುಮಗಳೂ ನಮ್ಮ ಹಾಗೆಯೇ ಈ ಗಣರಾಜ್ಯದ ಪ್ರಜೆ. ಅವಳ ಸರ್ಕಾರ ಆಸ್ಪತ್ರೆ ಕಟ್ಟದಿದ್ದ ತಪ್ಪಿಗೆ ಅವಳ ಮತದ ತೂಕ ತಗ್ಗಲಿ ಎನ್ನುವುದು ಹೇಗೆ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ದೆಹಲಿಯ ಮುಂದೆ ಜನಸಂಖ್ಯೆಯೊಂದೇ ಮಾನದಂಡವಾಗಬಾರದು ಎನ್ನುವ ಕರ್ನಾಟಕ, ತನ್ನೊಳಗೆ ಕೊಡಗಿನ ಸ್ಥಾನವನ್ನು ಜನಸಂಖ್ಯೆಯ ಲೆಕ್ಕದ ಮೇಲೆಯೇ ಕಡಿಮೆ ಮಾಡಿ ಬೆಂಗಳೂರಿಗೆ ಕೊಟ್ಟಿತಲ್ಲ? ಇದಕ್ಕೆ ನನ್ನ ಉತ್ತರ ಹೀಗಿದೆ. ಭಾರತ ರಾಜ್ಯಗಳ ಒಕ್ಕೂಟ ಎಂದು ಸಂವಿಧಾನದ ಮೊದಲ ವಿಧಿಯೇ ಹೇಳುತ್ತದೆ. ರಾಜ್ಯಕ್ಕೆ ತನ್ನ ಶಾಸನಸಭೆ, ತನ್ನ ನೀತಿ, ತನ್ನ ಭಾಷೆ, ತನ್ನ ಹೊಣೆಗಳಿವೆ. ಒಕ್ಕೂಟದಲ್ಲಿ ಅದರ ಪಾಲನ್ನು ರಾಜಕೀಯ ಒಪ್ಪಂದದಿಂದ ನಿರ್ಧರಿಸುವುದು ಸಹಜ. ಜಿಲ್ಲೆ ಅಂಥ ಘಟಕವಲ್ಲ. ಸರ್ಕಾರದ ಒಂದು ಅಧಿಸೂಚನೆಯಿಂದ ಅದು ಹುಟ್ಟುತ್ತದೆ, ಒಡೆಯುತ್ತದೆ. ರಾಜ್ಯದೊಳಗೆ ಪ್ರಜೆಗಳ ನಡುವೆ ಸಮಾನತೆಯೇ ಮೊದಲ ತತ್ತ್ವವಾಗಬೇಕು. ಹಾಗೆಂದು ಮಲೆನಾಡಿನ ಅಳಲನ್ನು ತಳ್ಳಿಹಾಕುವಂತಿಲ್ಲ. ಕಾಯ್ದೆ ಭೌಗೋಳಿಕ ಲಕ್ಷಣವನ್ನೂ ಸಂಚಾರದ ಅನುಕೂಲವನ್ನೂ ಪರಿಗಣಿಸಿ ಎನ್ನುತ್ತದೆ. ಬೆಟ್ಟಗುಡ್ಡದ, ವಿರಳ ಜನವಸತಿಯ ತಾಲ್ಲೂಕುಗಳಿಗೆ ಶೇ. 10ರ ಮಿತಿಯನ್ನು ಸಡಿಲಿಸಲು ಆಯೋಗ ಬರಹದಲ್ಲಿ ಕಾರಣ ಕೊಟ್ಟು ಮುಂದಾಗಬೇಕು. ಜಿಲ್ಲಾ ಪಂಚಾಯತಿಗೆ ನಿಜವಾದ ಅಧಿಕಾರ, ಸಕಾಲಕ್ಕೆ ಚುನಾವಣೆ ಸಿಕ್ಕರೆ ಎರಡೇ ಶಾಸಕರಿರುವ ಜಿಲ್ಲೆಯೂ ಅನಾಥವಾಗುವುದಿಲ್ಲ.

ರಾಜ್ಯಗಳ ಪಾಲಿಗೆ ಸಂಬಂಧಿಸಿ ನನ್ನ ನಿಲುವು: ಸದ್ಯದ ಅನುಪಾತವನ್ನು ಕಾಯ್ದುಕೊಂಡು ಲೋಕಸಭೆಯ ಬಲವನ್ನು ಹೆಚ್ಚಿಸಬಹುದು, ಹೊಸ ಸಂಸತ್ ಭವನದ ಲೋಕಸಭಾ ಸಭಾಂಗಣದಲ್ಲಿ 888 ಆಸನಗಳಿಗೆ ಜಾಗವಿದೆ. ಆಗ ರಾಜಸ್ಥಾನದ ಮತದಾರರಿಗೂ ಸಂಸದರು ಹತ್ತಿರವಾಗುತ್ತಾರೆ, ದಕ್ಷಿಣದ ಪಾಲೂ ಕುಗ್ಗುವುದಿಲ್ಲ. ಮತಗಳ ತೂಕದ ವ್ಯತ್ಯಾಸ ಇದರಿಂದ ಪೂರ್ತಿ ಅಳಿಯದು. ಆದ್ದರಿಂದ ಯಾವುದೇ ಬದಲಾವಣೆ ರಾಜ್ಯಗಳ ಜೊತೆ ಕೂತು ಮಾತಾಡಿ, ಒಪ್ಪಿಗೆ ಪಡೆದು ಆಗಬೇಕು. ಅದಕ್ಕೆ ವರ್ಷಗಳು ಹಿಡಿದರೂ ಚಿಂತೆಯಿಲ್ಲ. ಆದರೆ ಆ ಮಾತುಕತೆ ಮುಗಿಯುವವರೆಗೆ ಒಳಗಿನ ಗಡಿಗಳನ್ನು ಮುಟ್ಟಬೇಡಿ ಎಂಬ ವಾದಕ್ಕೆ ನಾವು ಒಪ್ಪಬಾರದು. 2023ರ 106ನೇ ತಿದ್ದುಪಡಿ ಮಹಿಳೆಯರಿಗೆ ಮೂರನೇ ಒಂದು ಸ್ಥಾನವನ್ನು ಮೀಸಲಿಟ್ಟು, ಅದರ ಜಾರಿಯನ್ನೂ ಪುನರ್ವಿಂಗಡಣೆಗೆ ಜೋಡಿಸಿತು. ನಮ್ಮ ವಿಧಾನಸಭೆಯಲ್ಲಿ ಅದು ಸುಮಾರು 75 ಸ್ಥಾನಗಳ ಮಾತು. ಪರಿಶಿಷ್ಟ ಪಂಗಡದವರು ಕಾದ ಹಾಗೆ ಈಗ ಅರ್ಧ ರಾಜ್ಯ ಕಾಯಬೇಕೇ?

7. ಮಾಡಬೇಕಾದದ್ದು

ಮೊದಲನೆಯದಾಗಿ, ಪ್ರತಿ ಜನಗಣತಿಯ ನಂತರ ನಿಗದಿತ ಅವಧಿಯೊಳಗೆ ರಾಜ್ಯದೊಳಗಿನ ಗಡಿಗಳು ಪರಿಷ್ಕಾರವಾಗಬೇಕು. ರಾಜ್ಯಗಳ ಪಾಲಿನ ವಿವಾದ ಅದಕ್ಕೆ ಅಡ್ಡಬರಬಾರದು. ಹತ್ತು ವರ್ಷಕ್ಕೊಮ್ಮೆ ಗೆರೆ ಸರಿದರೆ ಬದಲಾವಣೆ ಅಷ್ಟಿಷ್ಟು. ಮೂವತ್ತು ವರ್ಷ ತಡೆದರೆ ಸಂತೇಮರಹಳ್ಳಿಗಳು ಒಂದೇ ಏಟಿಗೆ ಹೋಗುತ್ತವೆ. ಎರಡನೆಯದಾಗಿ, ವಾರ್ಡು ಮತ್ತು ಪಂಚಾಯತಿ ಕ್ಷೇತ್ರಗಳ ಗಡಿಯೂ ಆಳುವ ಸರ್ಕಾರದ ಕೈಯಿಂದ ಹೊರಬಂದು ಸ್ವತಂತ್ರ ಆಯೋಗಕ್ಕೆ ಹೋಗಬೇಕು. ಮೂರನೆಯದಾಗಿ, ಆಯೋಗ ತನ್ನ ಪ್ರತಿ ಗೆರೆಗೂ ಕಾರಣ ಬರೆಯಬೇಕು. ನಕ್ಷೆ, ಹಳ್ಳಿವಾರು ಜನಸಂಖ್ಯೆ, ಸಹ ಸದಸ್ಯರ ಭಿನ್ನಾಭಿಪ್ರಾಯ ಎಲ್ಲವೂ ಕನ್ನಡದಲ್ಲಿ, ಪ್ರತಿ ತಾಲ್ಲೂಕು ಕಚೇರಿಯಲ್ಲಿ ಜನರ ಕೈಗೆ ಸಿಗಬೇಕು.

ನಾಲ್ಕನೆಯದು ನಮ್ಮ ಕೆಲಸ. ಮುಂದಿನ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಸಿಗುವ ಕಾಲ ಕಡಿಮೆಯಿರುತ್ತದೆ. ಬಹಿರಂಗ ಸಭೆಗಳಿಗೆ ಪಕ್ಷಗಳವರು, ಟಿಕೆಟ್ ಆಕಾಂಕ್ಷಿಗಳು ತಪ್ಪದೆ ಬರುತ್ತಾರೆ. ಅವರ ಜೊತೆಗೆ ಪ್ರತಿ ತಾಲ್ಲೂಕಿನಿಂದ ಒಬ್ಬ ಅಧ್ಯಾಪಕರು, ಒಂದು ಮಹಿಳಾ ಸ್ವಸಹಾಯ ಸಂಘ, ಒಂದು ರೈತ ಸಂಘ, ಕಾಲೇಜಿನ ಹತ್ತು ವಿದ್ಯಾರ್ಥಿಗಳು ಜನಗಣತಿಯ ಅಂಕಿಗಳನ್ನೂ ಹೋಬಳಿಯ ನಕ್ಷೆಯನ್ನೂ ಕೈಯಲ್ಲಿ ಹಿಡಿದು ಬರಬೇಕು. ಈ ಹಳ್ಳಿಯವರು ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಯಾವ ಕಡೆ ಹೋಗುತ್ತಾರೆ, ಆ ಹೊಳೆ ಮಳೆಗಾಲದಲ್ಲಿ ಎಷ್ಟು ದಿನ ದಾರಿ ಕಟ್ಟುತ್ತದೆ ಎಂಬುದನ್ನು ಆಯೋಗಕ್ಕೆ ಹೇಳಬಲ್ಲವರು ನೀವೇ. ಈ ಕಾಲೇಜಿನ ರಾಜ್ಯಶಾಸ್ತ್ರ ಮತ್ತು ಭೂಗೋಳ ವಿಭಾಗಗಳು ಸೇರಿ ಈ ತಾಲ್ಲೂಕಿನ ಅಂಥದೊಂದು ದಾಖಲೆಯನ್ನು ಈಗಿನಿಂದಲೇ ಸಿದ್ಧಪಡಿಸಲಿ ಎಂದು ಕೇಳಿಕೊಳ್ಳುತ್ತೇನೆ. ಆ ದಾಖಲೆ ಸಿದ್ಧವಾದರೆ ಈ ದತ್ತಿಯ ಉದ್ದೇಶ ಈ ಸಭಾಂಗಣದಾಚೆಗೂ ಈಡೇರಿದಂತಾಗುತ್ತದೆ.